ಟವೆಲ್ಲಿನೊಳಗಿನ ಬೆಲೆ

ಹೂವಿನಹಡಗಲಿಯ ಸಣ್ಣದೊಂದು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುರುಬಸವರಾಜನ ಆ ದಿನದ ಗ್ರಹಚಾರ ಶುರುವಾದದ್ದು ಒಂದು ಖಾಲಿ ಚೌಕದಿಂದ.

ಆಡಿಟರ್ ಕ್ರಾಂತಿಕುಮಾರ್ ಪೆನ್ನಿನ ತುದಿಯಿಂದ ಆ ಚೌಕವನ್ನು ಕುಟ್ಟಿದರು. "ಮಲ್ಲಿಗೆ ಅತ್ತರ್ ಕಾರ್ಖಾನೆ ಷೇರು ನಿಮ್ಮ ಬ್ಯಾಂಕಿನ ಹತ್ರ ಅದಾವ. ಕೊಂಡಾಗ ನೂರು ರೂಪಾಯಿ ಅಂತ ಬರ್ಕೊಂಡೀರಿ. ಅದು ಅವತ್ತಿನ ಮಾತು. ಇವತ್ತು ಅದರ ನ್ಯಾಯವಾದ ಬೆಲೆ ಎಷ್ಟು?"

"ಅದನ್ನ ಯಾರೂ ಕೊಳ್ಳಂಗಿಲ್ಲ, ಮಾರಂಗಿಲ್ಲ ಸರ್. ರೇಟು ಎಲ್ಲಿಂದ ತರ್ಲಿ?"

"ಅಂದಾಜು ಮಾಡ್ರಿ. ಒಬ್ಬ ಕೊಳ್ಳೋನು, ಒಬ್ಬ ಮಾರೋನು. ಇಬ್ರಿಗೂ ಎಲ್ಲಾ ಗೊತ್ತಿರಬೇಕು, ಇಬ್ರಿಗೂ ಮನಸ್ಸಿರಬೇಕು, ಯಾರಿಗೂ ಒತ್ತಾಯ ಇರಬಾರ್ದು. ಅಂಥವರಿಬ್ರು ಇವತ್ತು ಯಾವ ಬೆಲೆಗೆ ಒಪ್ತಾರೋ, ಅದೇ ನ್ಯಾಯವಾದ ಬೆಲೆ. ಸಂಜೆ ಬಸ್ಸಿಗೆ ಹೊರಡೋದ್ರೊಳಗೆ ನನಗೆ ಬೇಕು."

ಅಜ್ಜಿಯರ ಕತೆಯಲ್ಲಿ ರಾಜಕುಮಾರನಿಗೆ ಏಳು ಸಮುದ್ರದಾಚೆಯ ಗಿಣಿಯನ್ನು ಹಿಡಿದು ತಾ ಎನ್ನುತ್ತಾರೆ. ಅಲ್ಲಿ ಗಿಣಿಯಾದರೂ ಇರುತ್ತದೆ. ಎಲ್ಲೂ ಇಲ್ಲದ ಬೆಲೆಯನ್ನು ಹಿಡಿದು ತರುವ ಕೆಲಸ ಯಾವ ರಾಜಕುಮಾರನಿಗೂ ಬಂದಿರಲಿಲ್ಲ. ಅದು ಗುರುಬಸವರಾಜನ ಪಾಲಿಗೇ ಉಳಿದಿತ್ತು.

ಮ್ಯಾನೇಜರ್ ಪುಷ್ಪಲತಾ ಮೇಡಂ ಅವನನ್ನು ಪಕ್ಕಕ್ಕೆ ಕರೆದರು. "ಗುರು, ನಿನ್ನ ಕಾಯಂ ಆದೇಶ ನನ್ನ ಟೇಬಲ್ ಮ್ಯಾಲೇ ಐತಿ. ಆಡಿಟ್ ವರದಿಯಾಗ ಒಂದು ಕಪ್ಪುಚುಕ್ಕಿ ಇಲ್ಲದಂಗ ಬಂದ್ರ ಇವತ್ತ ಸಹಿ ಹಾಕ್ತೀನಿ. ಬರ್ಲಿಲ್ಲಂದ್ರ..." ಎಂದು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು.

"ಭಾಳ ಉಪಕಾರ ಆತ್ರಿ ಮೇಡಂ" ಎಂದ ಗುರುಬಸವರಾಜ. ಅವನ ಸ್ವಭಾವವೇ ಅದು. ಕಾಲು ತುಳಿದವರು ಕಾಲು ತೆಗೆದರೂ ಉಪಕಾರ ನೆನೆಯುವ ಪ್ರಾಣಿ. ತಾತ್ಕಾಲಿಕ ನೌಕರನಾಗಿಯೇ ಅವನ ಮೀಸೆ ದಪ್ಪವಾಗಿತ್ತು, ಮದುವೆಯಾಗಿತ್ತು, ಈಗ ತಲೆಯಲ್ಲಿ ಬೆಳ್ಳಿ ಎಳೆಯೂ ಇಣುಕಿತ್ತು.

ಬ್ಯಾಂಕಿನ ಎದುರಿಗೇ ಅನ್ನದಾನಮ್ಮನ ಒಗ್ಗರಣಿ ಮಂಡಕ್ಕಿ–ಮಿರ್ಚಿ ಅಂಗಡಿ. ಕಾರ್ಖಾನೆ ಆರಂಭವಾದಾಗ ಹೂವು ಕೊಟ್ಟವರಿಗೆಲ್ಲ ದುಡ್ಡಿನ ಬದಲು ಷೇರು ಹಂಚಿದ್ದರು. ಆಕೆಯ ಬಳಿಯೂ ಒಂದಿಷ್ಟಿದ್ದವು.

"ಅಮ್ಮಾ, ನಿಮ್ಮ ಅತ್ತರ್ ಷೇರು ಕೊಡೋದಾದ್ರ ಎಷ್ಟಕ್ಕ ಕೊಡ್ತೀರಿ?"

ಅನ್ನದಾನಮ್ಮನ ಕೈಯಲ್ಲಿದ್ದ ಮಿರ್ಚಿ ಎಣ್ಣೆಯ ಮೇಲೆ ಗಾಳಿಯಲ್ಲೇ ನಿಂತಿತು. "ಯಾಕಪಾ? ಬ್ಯಾಂಕಿನೋರು ಕೊಳ್ಳಾಕತ್ತೀರೇನು?"

"ಇಲ್ಲಮ್ಮ, ಸುಮ್ನ ಕೇಳ್ದೆ."

"ಬ್ಯಾಂಕಿನೋರು ಸುಮ್ನ ಏನೂ ಕೇಳಂಗಿಲ್ಲ. ಐನೂರು! ಒಂದು ರೂಪಾಯಿ ಕಡಿಮಿ ಇಲ್ಲ!"

ಅವನು ಬಸ್‌ಸ್ಟ್ಯಾಂಡ್ ತಲುಪುವುದರೊಳಗೆ ಸುದ್ದಿ ಅವನಿಗಿಂತ ಮೊದಲು ಬಸ್ಸು ಹತ್ತಿ ಇಳಿದಿತ್ತು. ಆದರೆ ದಾರಿಯಲ್ಲಿ ತಿರುಗುಮುರುಗಾಗಿತ್ತು. ಅಲ್ಲಿದ್ದವರ ಪ್ರಕಾರ ಬ್ಯಾಂಕು ತನ್ನ ಷೇರನ್ನೆಲ್ಲ ಮಾರಿ ಕೈತೊಳೆದುಕೊಳ್ಳುತ್ತಿತ್ತು. "ಒಳಗಿನ ಗುಟ್ಟು ಗೊತ್ತಿರಬೇಕು ಬಿಡ್ರಿ, ಕಾರ್ಖಾನಿ ಮುಳುಗೇತಿ. ನಮ್ಮವು ಐದು ರೂಪಾಯಿಗೊಂದು ತಗೊಳ್ರಿ, ಪುಣ್ಯ ಬರ್ತೈತಿ" ಎಂದು ಒಬ್ಬ ಕೈಮುಗಿದ.

ಒಂದೇ ಊರು, ಒಂದೇ ಷೇರು. ಈ ತುದಿಯಲ್ಲಿ ಐನೂರು, ಆ ತುದಿಯಲ್ಲಿ ಐದು. ನಡುವೆ ಗುರುಬಸವರಾಜ, ಆ ಮನೆಯಲ್ಲಿ ಉಂಡಿರುತ್ತಾನೆಂದು ಈ ಮನೆಯವರೂ ಈ ಮನೆಯಲ್ಲಿ ಉಂಡಿರುತ್ತಾನೆಂದು ಆ ಮನೆಯವರೂ ಬಿಟ್ಟ ನೆಂಟನಂತೆ ನಿಂತ.

ಆಗ ಹೆಗಲ ಮೇಲೆ ಕೈಬಿತ್ತು. ಪಕ್ಕದ ಮನೆಯ ಉಜ್ಜಿನಪ್ಪ, ದನದ ಸಂತೆಯ ದಲ್ಲಾಳಿ. ಬೇರೆಯವರ ಕಷ್ಟ ಕಂಡರೆ ಅವನಿಗೆ ತನ್ನ ಊಟ ರುಚಿಸುತ್ತಿರಲಿಲ್ಲ. ಅದರೊಳಗೆ ಕೈಯಾಡಿಸಿದ ಮೇಲೆ ಕಷ್ಟದವನಿಗೂ ರುಚಿಸುತ್ತಿರಲಿಲ್ಲ.

"ಲೇ ಗುರು, ಬಾಯಾಗ ಬೆಲಿ ಕೇಳಿದ್ರ ಸುಳ್ಳ ಬರ್ತೈತಿ. ನಾಲ್ಕು ಮಂದಿ ಕೇಳಾಕತ್ತಾರಂದ್ರ ಯಾವ ಮಗ ಖರೇ ಹೇಳ್ತಾನ? ಟವೆಲ್ ಒಳಗ ಕೇಳು. ಬೆರಳು ಸುಳ್ಳ ಹೇಳಂಗಿಲ್ಲ."

ಸಂತೆಯಲ್ಲಿ ಎತ್ತಿನ ಬೆಲೆ ಕಟ್ಟುವುದು ಹಾಗೇ. ಟವೆಲ್ಲಿನ ಮರೆಯಲ್ಲಿ ಇಬ್ಬರೂ ಬೆರಳು ಹಿಡಿದು ಒತ್ತುತ್ತಾರೆ, ಬೆರಳೆಷ್ಟೋ ಬೆಲೆಯಷ್ಟು. ಗುರುಬಸವರಾಜನ ಕಣ್ಣರಳಿತು. ಎಲ್ಲ ಗೊತ್ತಿರುವ, ಮನಸ್ಸಿರುವ ಇಬ್ಬರು, ಕೂಗಾಟವಿಲ್ಲ! ಆಡಿಟರ್ ಹೇಳಿದ್ದು ಇದನ್ನೇ ಅಲ್ಲವೇ?

ಉಜ್ಜಿನಪ್ಪ ಅವನನ್ನು ಅತ್ತರ್ ಷೇರು ಇಟ್ಟುಕೊಂಡಿದ್ದ ಹೂವಿನ ವ್ಯಾಪಾರಿ ಹಾಲೇಶಪ್ಪನ ಅಂಗಡಿಗೆ ಎಳೆದೊಯ್ದ. "ಷೇರಿನ ಬೆಲಿ ನೋಡಬೇಕಂತರೀ ಸಾಹುಕಾರ್ರ, ಬೆರಳಿಗೆ ಹತ್ತು ರೂಪಾಯಿ" ಎಂದು ಇಬ್ಬರ ಕೈ ಮೇಲೂ ಟವೆಲ್ ಹಾಸಿದ.

ಹಾಲೇಶಪ್ಪ ಗುರುಬಸವರಾಜನ ಐದೂ ಬೆರಳು ಹಿಡಿದು ಒತ್ತಿದ. ಗುರುಬಸವರಾಜ ಮೂರು ಹಿಡಿದು ತಲೆಯಾಡಿಸಿದ. ಹಾಲೇಶಪ್ಪ ನಾಲ್ಕು ಹಿಡಿದ. ಆ ಹಿಡಿತದಲ್ಲಿ ಎಂಥದೋ ಆರ್ದ್ರತೆ ಇತ್ತು, ಮುಳುಗುವವನು ದಡದ ಬೇರನ್ನು ಹಿಡಿದಂತೆ. ಗುರುಬಸವರಾಜನೂ ನಾಲ್ಕು ಬೆರಳು ಒತ್ತಿದ.

"ನಲವತ್ತು! ಆತು!" ಟವೆಲ್ ಎತ್ತಿ ಬೆರಳೆಣಿಸಿದ ಉಜ್ಜಿನಪ್ಪ ಅದನ್ನು ಹೆಗಲಿಗೆಸೆದ.

"ನಿಮ್ಮ ಉಪಕಾರ ಈ ಜನ್ಮದಾಗ ಮರೆಯಂಗಿಲ್ಲಣ್ಣ" ಎಂದು ಗುರುಬಸವರಾಜ ಬ್ಯಾಂಕಿಗೆ ಓಡಿದ.

ಕ್ರಾಂತಿಕುಮಾರ್ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. "ಚಲೋ ಐತಿ. ಮಾರೋನಿಗೆ ಮನಸ್ಸಿತ್ತಾ?"

"ಭಾಳ ಇತ್ತು ಸರ್."

"ನಿಮಗೆ ಒತ್ತಾಯ ಇರ್ಲಿಲ್ವಾ?"

ಗುರುಬಸವರಾಜ ಪ್ರಾಮಾಣಿಕ. "ಇತ್ತು ಸರ್. ಸಂಜಿಯೊಳಗ ಬೆಲಿ ಸಿಗ್ಲಿಲ್ಲಂದ್ರ ನೌಕರಿ ಕಾಯಂ ಆಗ್ತಿರ್ಲಿಲ್ಲ."

"ಒತ್ತಾಯಕ್ಕೆ ಸಿಕ್ಕೋನು ಒಪ್ಪಿದ್ದು ನ್ಯಾಯವಾದ ಬೆಲೆ ಅಲ್ಲ." ಆಡಿಟರ್ ಪೆನ್ನಿನ ಟೊಪ್ಪಿಗೆ ತೆಗೆದರು. "ಪರವಾಗಿಲ್ಲ. ಆ ಕಾರ್ಖಾನೆ ವರ್ಷಗಟ್ಟಲೆ ಲೆಕ್ಕಪತ್ರನೇ ಕೊಟ್ಟಿಲ್ಲ. ಅಂಥ ಕಂಪನಿದು ಇರೋ ಷೇರೆಲ್ಲಾ ಸೇರಿ ಒಂದು ರೂಪಾಯಿ ಅಂತ ಬರೀಬೇಕು. ನಿಯಮನೇ ಐತಿ." ಖಾಲಿ ಚೌಕದಲ್ಲಿ ಒಂದು ರೂಪಾಯಿ ಕೂತಿತು. ವರದಿಯಲ್ಲಿ ಕಪ್ಪುಚುಕ್ಕಿ ಬೀಳಲಿಲ್ಲ.

ಪುಷ್ಪಲತಾ ಮೇಡಂ ಅಲ್ಲೇ ಆದೇಶಕ್ಕೆ ಸಹಿ ಹಾಕಿದರು. ಗುರುಬಸವರಾಜ ಆಡಿಟರಿಗೆ, ಮೇಡಂಗೆ, ನಿಯಮ ಮಾಡಿದ ಕಾಣದ ಪುಣ್ಯಾತ್ಮರಿಗೆ ಕೈಮುಗಿದು ತಲೆ ಎತ್ತಿದರೆ, ಬಾಗಿಲಲ್ಲಿ ಉಜ್ಜಿನಪ್ಪ. ಹಿಂದೆ, ಒಂದು ಗೋಣಿಚೀಲ ಹೊತ್ತ ಹಾಲೇಶಪ್ಪ.

"ತಗೊಳ್ರಿ ಸಾಹೇಬ್ರ, ಸಾವಿರ ಷೇರು. ನಲವತ್ತು ಸಾವಿರ ರೂಪಾಯಿ" ಎಂದು ಹಾಲೇಶಪ್ಪ ಚೀಲ ಇಳಿಸಿದ.

"ಅಯ್ಯೋ, ನಾ ಬರೇ ಬೆಲಿ ಕೇಳಿದ್ದೆ!"

"ಬೆರಳು ಹಿಡಿದ ಮ್ಯಾಲೆ ಕೇಳೋದೇನು ಉಳೀತಲೇ?" ಉಜ್ಜಿನಪ್ಪ ಗಲ್ಲಕ್ಕೆ ಕೈ ಹಚ್ಚಿದ. "ಹಿಂದಕ್ಕ ಸರಿದ್ರ ನಾಳಿಂದ ಯಾವ ಸಂತ್ಯಾಗ ನಾ ಟವೆಲ್ ಹಾಸ್ಲಿ? ಮೂರು ಹೆಣ್ಣುಮಕ್ಕಳ ಅಪ್ಪ ಅದೀನಿ!"

ಈ ನಿಯಮ ಎತ್ತಿಗೆ ಮಾತ್ರ ಎಂದು ಗುರುಬಸವರಾಜ ತಿಳಿದಿದ್ದ, ಕಾಗದಕ್ಕೆ ಕೋಡಿಲ್ಲವಲ್ಲ. ಆದರೆ ಉಪಕಾರ ಮಾಡಿದವನ ಅನ್ನಕ್ಕೆ ಮಣ್ಣು ಹಾಕುವುದು ಹೇಗೆ? "ನನ್ನ ಹತ್ರ ಅಷ್ಟು ರೊಕ್ಕ ಇಲ್ಲಲ್ರಿ" ಎಂದ ಸಣ್ಣಗೆ.

ಪುಷ್ಪಲತಾ ಮೇಡಂ ಮುಖ ಅರಳಿತು. "ಅದಕ್ಯಾಕ ಚಿಂತಿ? ನಮ್ಮ ಬ್ಯಾಂಕಿನ ನೌಕರರಿಗೆ ಸಾಲ ಕೊಡ್ತೀವಿ. ಕಾಯಂ ಆದವರಿಗೆ ಮಾತ್ರ. ನಿನ್ನ ಪುಣ್ಯ ನೋಡು, ಈಗಷ್ಟ ಕಾಯಂ ಆಗೀದಿ! ಸಂಬಳ ಹೆಚ್ಚಾಗೇತಲ್ಲ, ಅದು ಕಂತಿಗೆ ಸರಿಹೋಗ್ತೈತಿ."

"ಈ ಷೇರನ್ನೇ ಅಡ ಇಟ್ಕೊಳ್ರಿ ಮೇಡಂ" ಎಂದ ಗುರುಬಸವರಾಜ.

"ಇಟ್ಕೋಬಹುದು" ಎಂದರು ಬಸ್ಸಿಗೆಂದು ತಮ್ಮ ಬ್ಯಾಗು ಹೆಗಲಿಗೇರಿಸಿದ ಕ್ರಾಂತಿಕುಮಾರ್, "ಒಂದು ರೂಪಾಯಿ ತನಕ."

ಹಾಲೇಶಪ್ಪ ಮುಂದೆ ಬಂದು ಗುರುಬಸವರಾಜನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. "ಮಗಳನ್ನ ಧಾರಿ ಎರೆದ ದಿನಾನೂ ನನ್ನ ಎದಿ ಇಷ್ಟು ಹಗುರ ಆಗಿರ್ಲಿಲ್ಲ ಬುದ್ಧೀ. ದೇವರಂಗ ಬಂದ್ರಿ. ಇನ್ನೂ ನಮ್ಮ ತಮ್ಮಂದ್ರು ನಾಲ್ವರು ಅದಾರ, ಅವರ ಮನ್ಯಾಗೂ ಒಂದೊಂದು ಚೀಲ ಐತಿ. ನಾಳಿ ನಿಮ್ಮನ್ನ ನೋಡಿ ಕೈಮುಗೀಬೇಕಂತ ಕುಂತಾರ."