ಭಾವನ ಬ್ಯಾಲೆ ಪರೀಕ್ಷೆ

ನಮ್ಮ ಭಾವ ಇಡ್ಲಿಗೂ ಅಂಕ ಕೊಡುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅವರು ಇಡ್ಲಿಗೆ ಕೊಡುವುದು ಗ್ರೇಸ್ ಮಾರ್ಕ್ಸ್! "ಉಬ್ಬಿಲ್ಲ, ಆದ್ರೂ ಪ್ರಯತ್ನ ಕಾಣ್ತದೆ" ಎಂದು ಅಕ್ಕನ ಮುಖ ನೋಡದೆ ಹೇಳಿ, ಇನ್ನೆರಡು ಹಾಕಿಸಿಕೊಳ್ಳುತ್ತಾರೆ. ಬಾಳಗಡಿಯಲ್ಲಿ ಮನೆ, ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ, ಜೀವಮಾನವೆಲ್ಲ ಉತ್ತರಪತ್ರಿಕೆ ತಿದ್ದಿದ ಕೈ. ಅಂಥ ಕೈ ಸುಮ್ಮನಿರುತ್ತದೆಯೇ? ಮದುವೆಯ ಕರೆಯೋಲೆ ಬಂದರೆ ಮೊದಲು ಅದರ ಕಾಗುಣಿತ ತಿದ್ದುತ್ತಾರೆ, ಮದುಮಗ ಯಾರೆಂದು ಆಮೇಲೆ ನೋಡುತ್ತಾರೆ. ನಮ್ಮಕ್ಕನನ್ನು ನೋಡಲು ಬಂದ ದಿನವೂ ಹಾಡು ಬರುತ್ತದೆಯೇ ಎಂದು ಕೇಳಿದವರಲ್ಲ. ಕಾಫಿ ಲೋಟ ಎತ್ತಿ ಹಿಡಿದು, "ಇದು ಬೇಗ ತಣೀಬೇಕಾದ್ರೆ ಎಂತ ಮಾಡ್ಬೇಕು?" ಎಂದರು. ಅಕ್ಕ, "ಎಂತ ಮಾಡೂದೂ ಬ್ಯಾಡ, ನಿಮ್ಮ ಮಾತು ಮುಗಿಯೂದ್ರೊಳಗೆ ತಣೀತದೆ" ಎಂದಳು. ಆ ಉತ್ತರಕ್ಕೆ ಪೂರ್ಣ ಅಂಕ ಬಿದ್ದಿರಬೇಕು, ಮದುವೆ ಆಯಿತು.

ಇಂಥವರ ಒಬ್ಬಳೇ ಮಗಳು ಪ್ರಣತಿ. ಪಿಯುಸಿ ವಿಜ್ಞಾನ ಮುಗಿಸಿ, ಒಳ್ಳೆಯ ಅಂಕ ತೆಗೆದು, ಎಂಜಿನಿಯರಿಂಗ್ ಸೀಟು ಇನ್ನೇನು ಕೈಗೆ ಬಂತು ಎನ್ನುವಾಗ ಒಂದು ಸಂಜೆ, ನಾನೂ ಅಲ್ಲೇ ಇದ್ದೆ, ಅಪ್ಪನ ಎದುರು ಬಂದು ನಿಂತಳು.

"ಅಪ್ಪ, ನಂಗೆ ಬ್ಯಾಲೆ ಕಲೀಬೇಕು. ಮುಂಬೈಯ ಒಂದು ಶಾಲೆಗೆ ವಿಡಿಯೋ ಕಳ್ಸಿದ್ದೆ, ಬಾ ಅಂದಿದಾರೆ. ಈ ತಿಂಗಳ ಕೊನೆ ಒಳಗೆ ಸೇರ್ಬೇಕು. ಆದ್ರೆ ನೀವು ಒಪ್ಪದೆ ನಾನು ಹೋಗೂದಿಲ್ಲ."

ಬ್ಯಾಲೆ ಎಂದರೆ ಆ ಪರದೇಶದವರ ತುದಿಗಾಲಿನ ನೃತ್ಯ. ನಮ್ಮ ಕೊಪ್ಪದಲ್ಲಿ ಭರತನಾಟ್ಯ ಕಲಿಸುವವರಿದ್ದಾರೆ, ಯಕ್ಷಗಾನದ ಹೆಜ್ಜೆ ಹೇಳಿಕೊಡುವವರಿದ್ದಾರೆ. ಬ್ಯಾಲೆ? ಹೆಸರು ಕೇಳಿದವರೇ ಕಡಿಮೆ! ಅಕ್ಕನಿಗೆ ಮಾತ್ರ ಆ ಗಳಿಗೆಯಲ್ಲಿ ಎಷ್ಟೋ ಸಂಗತಿ ಒಟ್ಟಿಗೆ ಅರ್ಥವಾದವು. ಮಗಳು ಹಿಂದಿನ ಕೋಣೆಯಲ್ಲಿ ಕಿಟಕಿಯ ಸರಳು ಹಿಡಿದು ಕಾಲನ್ನು ಬಟ್ಟೆ ಹಗ್ಗದ ಎತ್ತರಕ್ಕೆ ಎತ್ತುತ್ತಿದ್ದುದು ಯಾಕೆ? ಕೊರಿಯರಿನಲ್ಲಿ ಬಂದ ಆ ಮೆತ್ತನೆಯ ಗುಲಾಬಿ ಶೂ ಯಾರದು?

"ಕಾಲು ಸೆಳೀತದೆ ಅಂದಿದ್ಯಲ್ಲೇ! ನಾನು ಎಣ್ಣೆ ಬೇರೆ ಕಾಯ್ಸಿ ಹಚ್ಚಿದ್ದೆ!" ಎಂದು ಅಕ್ಕ ಹಣೆ ಚಚ್ಚಿಕೊಂಡಳು.

ಭಾವ ಗುಡುಗುತ್ತಾರೆ ಎಂದು ಎಲ್ಲರೂ ಕಾದೆವು. ಅವರು ಕನ್ನಡಕ ಒರೆಸಿ ಕೇಳಿದ್ದು ಒಂದೇ ಮಾತು.

"ಸಿಲಬಸ್ ಎಲ್ಲಿ?"

"ಹಂಗೆಲ್ಲ ಇಲ್ಲ ಅಪ್ಪ."

"ಪಠ್ಯಪುಸ್ತಕ?"

"ಇಲ್ಲ. ಕುಣ್ದು ತೋರ್ಸೂದು, ಅಷ್ಟೆ."

"ಅಲ್ಲಾ ಕೂಸೆ, ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ ಅಂದ್ರೆ ನೀನು ಕಲ್ತಿದ್ದೀಯ ಅಂತ ಗೊತ್ತಾಗೂದು ಹೆಂಗೆ?"

ಹಾಗಾಗಿ ಭಾವ ತಾವೇ ಪರೀಕ್ಷೆ ಮಾಡುವುದೆಂದು ತೀರ್ಮಾನಿಸಿದರು. ಥಿಯರಿ ಒಂದು, ಪ್ರಾಕ್ಟಿಕಲ್ ಒಂದು. ಪಾಸಾದರೆ ಮುಂಬೈ, ಫೇಲಾದರೆ ಎಂಜಿನಿಯರಿಂಗ್. ಪ್ರಣತಿ, "ಆತು" ಎಂದಳು. ಅವಳೂ ಅವರ ಮಗಳೇ ತಾನೇ!

ಪ್ರಶ್ನೆ ತೆಗೆಯಬೇಕಾದರೆ ಮೊದಲು ತಾನು ಓದಬೇಕಲ್ಲ? ಭಾವ ಬ್ಯಾಲೆ ಓದಲು ಕೂತರು. ಇಂಟರ್ನೆಟ್ಟಿನಿಂದ ಇಳಿಸಿದ ಪುಟಗಳನ್ನೆಲ್ಲ ನನ್ನ ಅಂಗಡಿಗೆ ತಂದು ಪ್ರಿಂಟ್ ಹಾಕಿಸಿದರು. ನನ್ನದು ಕೊಪ್ಪ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿ. ಅಲ್ಲಿ ನಿಂತುಕೊಂಡೇ ಫ್ರೆಂಚ್ ಪದಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದರೆ, ಪಹಣಿ ಜೆರಾಕ್ಸ್ ಮಾಡಿಸಲು ಬಸರೀಕಟ್ಟೆಯಿಂದ ಬಂದ ಹಿರಿಯರೊಬ್ಬರು, "ಮೇಷ್ಟ್ರಿಗೆ ಹುಷಾರಿಲ್ವನಾ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು. ನಾನು ಏನು ಹೇಳಲಿ? ಸ್ವಲ್ಪ ದಿನ ಹೀಗೇ ಇರುತ್ತದೆ ಎಂದೆ.

ಓದಿದ್ದು ಸಾಲದೆ ಪ್ರಯೋಗಕ್ಕೂ ಇಳಿದರು. ಬ್ಯಾಲೆಯವರು ಒಂಟಿ ಕಾಲಿನಲ್ಲಿ ಗಿರಗಿರ ಸುತ್ತುವಾಗ ಕೈ ಒಳಗೆಳೆದುಕೊಂಡರೆ ವೇಗ ಹೆಚ್ಚುತ್ತದಂತೆ. ಓದಿದರೆ ಸಾಕೇ? ಸ್ಟಾಫ್ ರೂಮಿನ ತಿರುಗುವ ಕುರ್ಚಿಯಲ್ಲಿ ಕೂತು, ಎರಡೂ ಕೈಯಲ್ಲಿ ಒಂದೊಂದು ದಪ್ಪ ಪುಸ್ತಕ ಹಿಡಿದು, ಅಟೆಂಡರ್ ಹತ್ತಿರ ಜೋರಾಗಿ ತಿರುಗಿಸಲು ಹೇಳಿ, ಪುಸ್ತಕಗಳನ್ನು ಎದೆಗೆ ಎಳೆದುಕೊಂಡರು. ವಿಜ್ಞಾನ ಸುಳ್ಳಾಗಲಿಲ್ಲ. ಅದೇ ಹೊತ್ತಿಗೆ ಪ್ರಿನ್ಸಿಪಾಲರು ಒಳಗೆ ಬಂದರು. ನಮ್ಮ ಭಾವ ಮರ್ಯಾದಸ್ಥರು, ಕುರ್ಚಿ ನಿಲ್ಲಲಿಲ್ಲವೆಂದು ನಮಸ್ಕಾರ ಬಿಡುತ್ತಾರೆಯೇ? ಸುತ್ತಿಗೊಂದರಂತೆ ಮೂರು ಸಲ ನಮಸ್ಕಾರ ಮಾಡಿದರು.

ಪ್ರಶ್ನೆಪತ್ರಿಕೆ ಸಿದ್ಧವಾದಾಗ ಅದರ ಜೆರಾಕ್ಸೂ ನನ್ನಲ್ಲೇ. "ಗೋಡೆ ಕಡೆ ತಿರುಗು" ಎಂದರು.

"ಗೋಡೆ ನೋಡ್ಕಂಡು ಜೆರಾಕ್ಸ್ ಹೆಂಗೆ ಮಾಡೂದು ಭಾವ?"

"ನೀನು ಅವಳ ಸ್ವಂತ ಮಾವ ಮಾರಾಯ. ಪ್ರಶ್ನೆಪತ್ರಿಕೆ ಲೀಕ್ ಆಗೂದು ಇಂಥ ಕಡೆಯಿಂದನೇ!"

ಕಡೆಗೆ ಗುಂಡಿ ಒತ್ತಿದ್ದು ಅವರು, ಗೋಡೆ ನೋಡಿದ್ದು ನಾನು. ಒಬ್ಬಳೇ ವಿದ್ಯಾರ್ಥಿನಿ, ಪ್ರಶ್ನೆಪತ್ರಿಕೆ ಮಾತ್ರ ಎರಡು ಸೆಟ್. ಯಾಕೆಂದರೆ ಕಾಪಿ ಹೊಡೆಯಬಾರದಂತೆ. ಯಾರಿಂದ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಊಟದ ಕೋಣೆಯಲ್ಲಿ ಪರೀಕ್ಷೆ ನಡೆಯಿತು. ಭಾವ ಮೇಜಿನ ಸುತ್ತ ಗಸ್ತು ತಿರುಗಿದರು. ಪಾತ್ರೆ ಸದ್ದು ಮಾಡಿದ್ದಕ್ಕೆ ಅಕ್ಕನಿಗೆ ಎಚ್ಚರಿಕೆ ಕೊಟ್ಟರು. ಪ್ರಣತಿ ಪಾಸಾದಳು, ಆದರೆ ಭಾವ ಅಂಕ ಕಳೆಯದೆ ಬಿಟ್ಟಾರೆಯೇ? ತುದಿಗಾಲಿನ ಚಿತ್ರ ಚೆನ್ನಾಗಿ ಬರೆದಿದ್ದಾಳಂತೆ, ಆದರೆ ಹೆಬ್ಬೆರಳನ್ನು ಗುರುತಿಸಿಲ್ಲವಂತೆ!

ಈ ನಡುವೆ ನರಸಿಂಹರಾಜಪುರದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಭಾವನ ಪಕ್ಕ ಕೂತ ದೂರದ ನೆಂಟರೊಬ್ಬರು ಮಗಳ ಬಗ್ಗೆ ವಿಚಾರಿಸಿದರು. "ಬ್ಯಾಲೆ. ಥಿಯರಿ ಆತು, ಪ್ರಾಕ್ಟಿಕಲ್ ಬಾಕಿ" ಎಂದರು ಭಾವ. ನೆಂಟರು ನಕ್ಕರು. "ಅದೆಂತ ಅರ್ಧ ಬಟ್ಟೆ ಹಾಕ್ಕಂಡು ಹಾರೂದು ಮಾರಾಯ್ರೆ! ಓದೂ ಕೂಸನ್ನ ಹಾಳು ಮಾಡ್ತಿದ್ದೀರಿ."

ಭಾವ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ, "ಯಾವ ಪುಸ್ತಕ ಓದಿದ್ದೀರಿ ನೀವು?" ಎಂದರು.

"ಎಂತ ಪುಸ್ತಕ?"

"ಓದದೆ ಉತ್ತರ ಬರೆದ್ರೆ ನಾನು ಸೊನ್ನೆ ಹಾಕ್ತೇನೆ" ಎಂದು ಹೇಳಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ನೆಂಟರು ಅಲ್ಲಿಂದ ಮುಂದೆ ಪಾಯಸದ ಬಗ್ಗೆ ಮಾತ್ರ ಮಾತಾಡಿದರು.

ಉಳಿದದ್ದು ಪ್ರಾಕ್ಟಿಕಲ್. ಬ್ಯಾಲೆಗೆ ಸಿಮೆಂಟು ನೆಲ ಆಗದು, ಹಲಗೆ ನೆಲ ಬೇಕು ಎಂದು ಭಾವ ಓದಿಕೊಂಡಿದ್ದರು. ಶೃಂಗೇರಿಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಅವರ ಹಳೆಯ ಶಿಷ್ಯನೊಬ್ಬನಿದ್ದಾನೆ. ಅವನ ಅಂಗಡಿಯ ಮಹಡಿಗೆ ಹಲಗೆ ಹಾಸಿದೆ. ಒಂದು ಭಾನುವಾರ ಬೆಳಿಗ್ಗೆ ನಾವು ಮೂವರೂ ಬಸ್ಸು ಹತ್ತಿದೆವು. ನಾನೇಕೆ ಎನ್ನುತ್ತೀರಾ? ಪ್ರಾಕ್ಟಿಕಲ್ ಪರೀಕ್ಷೆ ಎಂದಮೇಲೆ ಹೊರಗಿನ ಪರೀಕ್ಷಕರೊಬ್ಬರು ಬೇಡವೇ? ಭಾವನ ಪ್ರಕಾರ ಬ್ಯಾಲೆಯ ಬಗ್ಗೆ ಏನೂ ಗೊತ್ತಿಲ್ಲದ ನಾನು ಅತ್ಯಂತ ನಿಷ್ಪಕ್ಷಪಾತಿ!

ಶಿಷ್ಯನನ್ನು ಕೆಳಗೇ ನಿಲ್ಲಿಸಿದರು. ಹಾರಿದವರು ಸದ್ದಿಲ್ಲದೆ ಇಳಿಯಬೇಕಂತೆ, ಮೇಲೆ ಅವಳು ಹಾರುವಾಗ ನೇತುಹಾಕಿದ ಪಾತ್ರೆಗಳು ಅಲ್ಲಾಡುತ್ತವೆಯೇ ಎಂದು ಅವನು ನೋಡಬೇಕು. ಭಾವ ಮೆಟ್ಟಿಲು ಹತ್ತುವಾಗಲೇ ಸೌಟುಗಳೆಲ್ಲ ಗಲಗಲ ಎಂದವು. "ಸರ್, ಇದನ್ನೂ ಲೆಕ್ಕಕ್ಕೆ ತಗಳೂದಾ?" ಎಂದು ಕೆಳಗಿನಿಂದ ಕೂಗು ಬಂತು.

ಪ್ರಣತಿ ಫೋನಿನಲ್ಲಿ ಪಿಯಾನೋ ಹಾಕಿ ಕುಣಿಯತೊಡಗಿದಳು. ನನಗೆ ಬ್ಯಾಲೆ ತಿಳಿಯದು, ಈಗಲೂ ತಿಳಿಯದು. ಆದರೆ ನಾವು ಎತ್ತಿ ಆಡಿಸಿದ ಹುಡುಗಿ ಅವಳಾಗಿರಲಿಲ್ಲ. ಹಾರಿದಳು, ಸುತ್ತಿದಳು, ಒಂಟಿ ಕಾಲಿನ ಮೇಲೆ ಅಲ್ಲಾಡದೆ ನಿಂತಳು. ಕೆಳಗೆ ಒಂದು ಲೋಟವೂ ಸದ್ದು ಮಾಡಲಿಲ್ಲ.

ಸಂಗೀತ ನಿಂತಿತು. ಅವಳು ಏದುಸಿರು ಬಿಡುತ್ತ ಕೈ ಕಟ್ಟಿ ನಿಂತಳು. ಭಾವ ಕೆಂಪು ಪೆನ್ನು ಹಿಡಿದುಕೊಂಡು, "ಈಗ ವೈವಾ" ಎಂದರು.

"ಇದನ್ನೆಲ್ಲ ಯಾರು ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ ಅಪ್ಪ. ಫೋನ್ ನೋಡ್ಕಂಡು ಮಾಡೂದು."

"ತಪ್ಪಾದ್ರೆ?"

"ಬೀಳ್ತಿದ್ದೆ. ಮತ್ತೆ ಎದ್ದು ಮಾಡ್ತಿದ್ದೆ."

"ನೀನು ಬೀಳೂವಾಗ ನಾನೆಲ್ಲಿದ್ದೆ?"

ಅವಳು ತಲೆ ತಗ್ಗಿಸಿದಳು. "ಪಕ್ಕದ ಕೋಣೇಲಿ. ಟ್ಯೂಷನ್ ಮಕ್ಕಳಿಗೆ ಪಾಠ ಹೇಳ್ತಿದ್ರಿ."

ಭಾವನ ಮುಖ ನಾನು ಅಷ್ಟು ವರ್ಷಗಳಲ್ಲಿ ಹಾಗೆ ಕಂಡದ್ದಿಲ್ಲ. ಊರ ಮಕ್ಕಳಿಗೆಲ್ಲ ತಪ್ಪು ತಿದ್ದಿ ಕೊಟ್ಟ ಮನುಷ್ಯ, ಪೆನ್ನಿನ ಮುಚ್ಚಳ ಹಾಕಲು ಹೋಗಿ ಎರಡು ಸಲ ತಪ್ಪಿದರು. ಕಣ್ಣೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಎಷ್ಟು ಹಾಕೂದು ಭಾವ?" ಎಂದೆ ಮೆಲ್ಲಗೆ.

"ನಂಗೆ ಇದನ್ನ ತಿದ್ದಕ್ಕೆ ಬರೂದಿಲ್ಲ ಮಾರಾಯ" ಎಂದರು. ಎದ್ದು ಹೋಗಿ ಮಗಳ ಬೆವತ ತಲೆಯ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗಿದರು. "ಇವತ್ತೇ ಮುಂಬೈಗೆ ಟಿಕೆಟ್ ಮಾಡ್ಸು. ಬಿದ್ದಾಗ ಎಲ್ಲಿ ತಪ್ಪಿತು ಅಂತ ಹೇಳೂವವರು ಹತ್ರ ಇರ್ಬೇಕು ನನ್ನ ಕೂಸಿಗೆ."