ಆಟಿಕೆಗಳು ಹೇಳಿದ ನನ್ನ ವಯಸ್ಸು

ಈ ಊರಿನಲ್ಲಿ ನನ್ನ ವಯಸ್ಸನ್ನು ಯಾರೂ ನೇರವಾಗಿ ಕೇಳುವುದಿಲ್ಲ. ನಾನು ಬಾಲ್ಯದ ಬಗ್ಗೆ ಎರಡು ಮಾತಾಡುವವರೆಗೆ ಕಾದು, ತಾವೇ ಲೆಕ್ಕ ಹಾಕಿ, ಪ್ರತಿ ಸಲವೂ ತಪ್ಪು ಉತ್ತರಕ್ಕೆ ಬರುತ್ತಾರೆ. ಪದವಿ ಮುಗಿಸಿ ಎರಡು ವರ್ಷವಾಗಿದ್ದರೂ ಉದ್ಯೋಗವಿರಲಿಲ್ಲ. ಜಾಹೀರಾತುಗಳೆಲ್ಲ ‘ಯುವ ಮನಸ್ಸು ಬೇಕಾಗಿದೆ’ ಎನ್ನುತ್ತಿದ್ದವು. ಯುವಕ ಬೇಕೆಂದು ಹೇಳಿದ್ದರೆ ಅಂಕಪಟ್ಟಿಯಲ್ಲಿರುವ ಜನ್ಮದಿನಾಂಕವನ್ನು ತೋರಿಸುತ್ತಿದ್ದೆ. ಮನಸ್ಸಿಗೆ ಅಂಕಪಟ್ಟಿ ಕೊಡುವ ವಿಶ್ವವಿದ್ಯಾನಿಲಯ ಇನ್ನೂ ಸ್ಥಾಪನೆಯಾಗಿಲ್ಲ.

ದೋಷ ನಮ್ಮ ಮನೆಯದು. ಮಂಗಳೂರಿನ ಕುಲಶೇಖರದ ಆ ಮನೆಯಲ್ಲಿ ಯಾವ ವಸ್ತುವನ್ನೂ ಅದು ಸಾಯುವ ಮೊದಲು ಹೊರಹಾಕುವ ಪದ್ಧತಿಯಿಲ್ಲ. ಅಮ್ಮನ ತಮ್ಮ, ಎಂದರೆ ನನ್ನ ಮಾವ, ಗಲ್ಫಿನಲ್ಲಿದ್ದರು. ನಾನು ಹುಟ್ಟುವ ಎಷ್ಟೋ ಮೊದಲು ಅವರು ತಂದಿದ್ದೆಲ್ಲ ನನ್ನ ಬಾಲ್ಯದವರೆಗೂ ಜೀವ ಹಿಡಿದುಕೊಂಡಿತ್ತು. ನೆರೆಮನೆಯ ಹುಡುಗರು ವಿಡಿಯೊ ಗೇಮ್ ಆಡುತ್ತಿದ್ದಾಗ ನಾನು ಅಮ್ಮನ ಯೌವನದಲ್ಲಿ ಬೆಳೆಯುತ್ತಿದ್ದೆ.

೧. ಗಾಜಿನ ಹಿಂದಿನ ಜೀಪು

ನಮ್ಮ ಚಾವಡಿಯ ಶೋಕೇಸಿನಲ್ಲಿ ಮಾವ ತಂದ ಪೊಲೀಸ್ ಜೀಪೊಂದಿತ್ತು. ಅದರ ರಿಮೋಟಿಗೆ ಪ್ಲಾಸ್ಟಿಕ್ ಕವರು, ಕವರಿಗೆ ರಬ್ಬರ್ ಬ್ಯಾಂಡು, ಶೋಕೇಸಿಗೆ ಬೀಗ, ಬೀಗದ ಕೈ ಅಮ್ಮನ ಸೆರಗಿನಲ್ಲಿ. ಗಲ್ಫಿನ ಆಟಿಕೆ ಆಡುವುದಕ್ಕಲ್ಲ, ಮನೆಗೆ ಬಂದವರು ನೋಡುವುದಕ್ಕೆ ಎಂಬುದು ಅಂದಿನ ನಿಯಮ. ಸಂಜೆಯ ಬಿಸಿಲು ಗಾಜಿನ ಮೇಲೆ ಬಿದ್ದಾಗ ಜೀಪಿನ ಕೆಂಪು ದೀಪ ತಾನಾಗಿಯೇ ಹೊತ್ತಿದಂತೆ ಕಾಣುತ್ತಿತ್ತು. ನಾನು ಗಾಜಿಗೆ ಮೂಗು ತಾಗಿಸಿ ನಿಂತು, ಆ ಬೆಳಕಿನೊಳಗೆ ಅದನ್ನು ಬಹಳ ದೂರ ಓಡಿಸಿಕೊಂಡು ಹೋಗುತ್ತಿದ್ದೆ.

ಒಮ್ಮೆ ನೆಂಟರ ಮಗುವೊಂದು ಅತ್ತಿತು. ಅಮ್ಮ ಕ್ಷಣವೂ ತಡೆಯದೆ ಬೀಗ ತೆಗೆದು ಜೀಪನ್ನು ಅದರ ಕೈಗೆ ಕೊಟ್ಟಳು. ನಾನು ಕೇಳಿದ್ದಕ್ಕೆ, “ಅವನು ನೆಂಟ ಅಲ್ವನಾ? ಬಂದವರಿಗೆ ಇಲ್ಲ ಅನ್ಲಿಕ್ಕುಂಟಾ?” ಎಂದಳು.

ನಿಯಮ ಸ್ಪಷ್ಟವಾಯಿತು. ಮರುದಿನ ಸಂಜೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಿಂಬಾಗಿಲಿನಿಂದ ಹೊರಟು, ಮುಂಬಾಗಿಲಿಗೆ ಬಂದು ಕರೆಗಂಟೆ ಒತ್ತಿದೆ.

“ಎಂತ?” ಎಂದಳು ಅಮ್ಮ.

“ನಾನು ನೆಂಟ.”

ಅಮ್ಮ ಒಂದು ಗಳಿಗೆ ನೋಡಿ, “ಬನ್ನಿ, ಕೂತುಕೊಳ್ಳಿ” ಎಂದು ಕುರ್ಚಿ ತೋರಿಸಿದಳು. ಬೆಲ್ಲ, ನೀರು ತಂದಿಟ್ಟಳು. ಊರಲ್ಲಿ ಎಲ್ಲರೂ ಸೌಖ್ಯವೇ ಎಂದು ಕೇಳಿದಳು. ನಾನು ಸೌಖ್ಯವೆಂದೆ. ನನ್ನ ಕಣ್ಣು ಶೋಕೇಸಿನ ಕಡೆ ಹೋದಾಗ ಅವಳೂ ಅತ್ತ ನೋಡಿ, ಎದ್ದು, ಬಾಗಿಲ ಬಳಿ ನಿಂತು ಹೇಳಿದಳು: “ಕತ್ತಲಾಯಿತು, ಇನ್ನು ಹೊರಡಿ. ಮನೆಯಲ್ಲಿ ನಿಮ್ಮಮ್ಮ ಕಾಯ್ತಿರಬಹುದು.”

೨. ಉತ್ತರಕ್ಕೆ ಬಿಟ್ಟ ಜಾಗ

ಅಜ್ಜಿ ಮಾವನಿಗೆ ಪತ್ರ ಬರೆಯುತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳುಹಿಸುತ್ತಿದ್ದಳು. ರಜೆ ಮುಗಿಸಿ ಗಲ್ಫಿಗೆ ಮರಳುವ ಯಾರದಾದರೂ ಪೆಟ್ಟಿಗೆಯಲ್ಲಿ, ಹಪ್ಪಳ ಉಪ್ಪಿನಕಾಯಿಗಳ ನಡುವೆ, ಅವಳ ಧ್ವನಿ ಸಮುದ್ರ ದಾಟುತ್ತಿತ್ತು. ಮೊಬೈಲ್ ಬಂದ ಮೇಲೂ ಅವಳು ಇದನ್ನು ಬಿಡಲಿಲ್ಲ. ಫೋನಿನಲ್ಲಿ ಮಗನಿಗೆ ಸದಾ ಅವಸರ, ಕ್ಯಾಸೆಟ್ಟಿನಲ್ಲಿ ಅವನು ಎಷ್ಟು ಹೊತ್ತು ಬೇಕಾದರೂ ಕೂರುತ್ತಾನೆ ಎಂಬುದು ಅವಳ ವಾದ.

ಅವಳದ್ದೇ ಒಂದು ಕ್ರಮವಿತ್ತು. “ಊಟ ಆಯಿತಾ ಮಗ?” ಎಂದು ಕೇಳಿ, ಅವನು ಉತ್ತರಿಸಲು ಬೇಕಾದಷ್ಟು ಹೊತ್ತು ಸುಮ್ಮನಿರುತ್ತಿದ್ದಳು. ಟೇಪು ಸುತ್ತುತ್ತಲೇ ಇರುತ್ತಿತ್ತು. ಆ ಮೌನದಲ್ಲಿ ಬಾವಿಯ ರಾಟೆಯ ಕಿರುಚು, ತೆಂಗಿನ ಮಡಲು ಬಿದ್ದ ಸದ್ದು, ಮಧ್ಯಾಹ್ನದ ಕಾಗೆ ಎಲ್ಲವೂ ಒಳಗೆ ಹೋಗಿ ಕುಳಿತುಕೊಳ್ಳುತ್ತಿದ್ದವು. ಇಡೀ ಜಗತ್ತು ಮಾವನ ಉತ್ತರಕ್ಕಾಗಿ ಕಾಯುತ್ತಿದೆ ಎಂದು ನನಗನ್ನಿಸುತ್ತಿತ್ತು.

ಒಂದು ಸಲ ಅಜ್ಜಿ “ಅಲ್ಲಿ ಸೆಕೆ ಉಂಟಾ?” ಎಂದು ಕೇಳಿ ಸುಮ್ಮನಾದ ಹೊತ್ತಿಗೆ ಸರಿಯಾಗಿ, ಅಡುಗೆಮನೆಯಲ್ಲಿ ಅಮ್ಮ ನೆರೆಮನೆಯಾಕೆಗೆ ಹೇಳುತ್ತಿದ್ದಳು: “ಅವನು ತಂದ ಸೀರೆ ಉಟ್ಟರೆ ನಾಯಿ ಬೊಗಳ್ತದೆ. ನಾನು ಅದನ್ನು ಹರಿದು ಕಿಟಕಿಗೆ ಹಾಕಿದ್ದೇನೆ.”

ತಿಂಗಳುಗಳ ನಂತರ ಮಾವನ ಕ್ಯಾಸೆಟ್ ಬಂತು. ಮನೆಯವರೆಲ್ಲ ಸುತ್ತ ಕುಳಿತೆವು. ಮಾವ ಶಾಂತವಾಗಿ ಉತ್ತರಿಸುತ್ತಾ ಬಂದರು: “ಊಟ ಆಯಿತು ಅಮ್ಮ. ಸೆಕೆ ಉಂಟು. ಅಕ್ಕನ ಹತ್ತಿರ ಒಂದು ಮಾತು ಹೇಳಿ, ಈ ಸಲ ಕಿಟಕಿಯ ಅಳತೆ ಕಳಿಸಲಿಕ್ಕೆ.”

೩. ಬಲ್ಮಠದ ಸಂದರ್ಶನ

ಬಲ್ಮಠದ ಕಚೇರಿಯೊಂದರಲ್ಲಿ ಸಂದರ್ಶನ ಚೆನ್ನಾಗಿಯೇ ನಡೆದಿತ್ತು. ಕೊನೆಯಲ್ಲಿ ಅಲ್ಲಿನ ಮೇಡಂ, “ಸುಮ್ಮನೆ ಕೇಳುವುದು, ಚಿಕ್ಕವರಿದ್ದಾಗ ಯಾವ ಗ್ಯಾಜೆಟ್ ಇಷ್ಟ?” ಎಂದರು.

ಸುಮ್ಮನೆ ಕೇಳುವ ಪ್ರಶ್ನೆಗಳಿಗೇ ಇವರು ಅಂಕ ಕೊಡುತ್ತಾರೆ ಎಂಬುದು ತಿಳಿದಿದ್ದರೂ ನಾನು ಮೈಮರೆತೆ. ಕಣ್ಣಿಗೆ ಹಿಡಿದು ಬದಿಯ ಗುಂಡಿ ಒತ್ತಿದರೆ ಚಿತ್ರ ಬದಲಾಗುವ ಕೆಂಪು ಡಬ್ಬಿಯ ಬಗ್ಗೆ ಹೇಳತೊಡಗಿದೆ. ಒತ್ತಿದರೆ ಮರುಭೂಮಿ, ಮತ್ತೆ ಒತ್ತಿದರೆ ಒಂಟೆ, ಮತ್ತೊಮ್ಮೆ ಒತ್ತಿದರೆ ಜಲಪಾತ. ಮಾವ ಅದರೊಳಗೇ ವಾಸಿಸುತ್ತಾರೆಂದು ನಂಬಿದ್ದೆ. ಒಂಟೆಯ ಹಿಂದೆ ಅವರು ನಿಂತಿರಬಹುದೆಂದು ಡಬ್ಬಿಯನ್ನು ಓರೆ ಮಾಡಿ ಇಣುಕುತ್ತಿದ್ದೆ. ಮೇಡಂ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಗೆದ್ದೆನೆಂದುಕೊಂಡೆ.

ಮೇಡಂ ಮೃದುವಾಗಿ ನುಡಿದರು: “ನನ್ನ ದೊಡ್ಡಣ್ಣನ ಹತ್ತಿರ ಇತ್ತು ಅದು. ಅವರಿಗೆ ಈಗ ಮೊಮ್ಮಗಳು.”

ಆ ಕಚೇರಿಯಿಂದ ಕರೆ ಬರಲಿಲ್ಲ.

೪. ಸೊನ್ನೆ

ಮುಂದಿನ ಸಂದರ್ಶನ ಕದ್ರಿಯಲ್ಲಿ. ಇದೂ ತಪ್ಪಿದರೆ ಮಾವನ ಪರಿಚಯದವರ ಗೋದಾಮಿಗೆ ವೀಸಾ ಹುಡುಕುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ನನಗೆ ಮಂಗಳೂರು ಬಿಡುವ ಮನಸ್ಸಿರಲಿಲ್ಲ. ಹೊರಡುವಾಗ ಅಮ್ಮ, “ಅಲ್ಲಿ ಹಳೆಯದೆಲ್ಲ ಮಾತಾಡ್ಲಿಕ್ಕಿಲ್ಲ, ಆಯ್ತಾ?” ಎಂದಳು.

ಅಲ್ಲಿನ ಮ್ಯಾನೇಜರರ ಕೂದಲು ಅಸಾಧ್ಯ ಕಪ್ಪಾಗಿತ್ತು. ಮಾತುಮಾತಿಗೆ ‘ನಮ್ಮಂಥ ಯಂಗ್‌ಸ್ಟರ್ಸ್’ ಎನ್ನುತ್ತಿದ್ದರು. ಪಕ್ಕದಲ್ಲಿ ಎಚ್‌ಆರ್ ವಿಭಾಗದ ಯುವತಿ. ಅವಳು ಕೇಳಿದಳು: “ಕಷ್ಟವೊಂದನ್ನು ನೀವು ಉಪಾಯದಿಂದ ಬಿಡಿಸಿದ್ದಕ್ಕೆ ಉದಾಹರಣೆ ಕೊಡಿ.”

ಬೇರೆ ಉದಾಹರಣೆ ನೆನಪಾಗಲಿಲ್ಲ. ಹೇಳಿಬಿಟ್ಟೆ: ನಮ್ಮಲ್ಲಿ ಬೆರಳಿಟ್ಟು ತಿರುಗಿಸುವ ಫೋನಿತ್ತು. ಅಪ್ಪ ಅದಕ್ಕೆ ಬೀಗ ಹಾಕುತ್ತಿದ್ದರು. ರಿಸೀವರ್ ಇಡುವ ಗುಂಡಿಯನ್ನು ಬೆರಳಿನಿಂದ ತಟ್ಟಿದರೆ, ಎಷ್ಟು ಸಲ ತಟ್ಟುತ್ತೇವೋ ಆ ಅಂಕೆ ಹೋಗುತ್ತದೆಂದು ನಾನು ಕಂಡುಕೊಂಡಿದ್ದೆ. “ಸೊನ್ನೆಗೆ ಮಾತ್ರ ಉಪಾಯವಿರಲಿಲ್ಲ,” ಎಂದೆ. “ನಂಬರಿನಲ್ಲಿ ಸೊನ್ನೆಯಿದ್ದ ಗೆಳೆಯರನ್ನೆಲ್ಲ ಕಳೆದುಕೊಂಡೆ.”

“ಎಂತ ಮಾರಾಯ,” ಎಂದರು ಮ್ಯಾನೇಜರ್, “ಸೊನ್ನೆಗೆ ಹತ್ತು ಸಲ ತಟ್ಟಬೇಕು.”

ಅವರ ಕಣ್ಣು ಮುಚ್ಚಿತ್ತು. ಬೆರಳು ಮೇಜಿನ ಮೇಲೆ ತಟ್ಟತೊಡಗಿತು. ತಟ್ಟಿ, ನಿಲ್ಲಿಸಿ, ಮತ್ತೆ ತಟ್ಟಿ, ಬಹಳ ಹಿಂದಿನ ಯಾವುದೋ ಮನೆಯ ನಂಬರನ್ನು ಒಂದಂಕೆಯೂ ತಪ್ಪದೆ ಪೂರ್ತಿ ಮುಗಿಸಿತು. ಮುಖದಲ್ಲಿ ಮಂದಹಾಸ. ಆ ಕಡೆ ಗಂಟೆ ಮೊಳಗುತ್ತಿರುವುದು ಅವರಿಗೆ ಕೇಳುತ್ತಿತ್ತು.

“ಯಾರ ನಂಬರ್ ಸರ್?” ಎಂದಳು ಯುವತಿ.

ಮ್ಯಾನೇಜರ್ ಕಣ್ಣು ತೆರೆದರು. “ನಮ್ಮ ಅಜ್ಜ ಹೀಗೆ ಮಾಡ್ತಿದ್ದರು,” ಎಂದರು.

ಮೆಟ್ಟಿಲಿಳಿಯುವಾಗ ಅವರೇ ಹಿಂದೆ ಬಂದು, ತಗ್ಗಿದ ದನಿಯಲ್ಲಿ, “ಸೋಮವಾರ ಬಂದು ಸೇರಿಕೊಳ್ಳಿ. ಆದರೆ ಆ ಫೋನಿನ ವಿಷಯ ಇನ್ನು ಯಾರ ಹತ್ತಿರವೂ ಬೇಡ” ಎಂದರು. ನಾನು ಒಪ್ಪಿದೆ. ಎಚ್‌ಆರ್ ಯುವತಿ ಒಪ್ಪಿರಲಿಲ್ಲ. ಸೋಮವಾರದೊಳಗೆ ಕಚೇರಿಯಿಡೀ ಮೇಜು ತಟ್ಟುತ್ತಿತ್ತು.

ಮೊದಲ ದಿನ ಊಟದ ಹೊತ್ತಿಗೆ, ಆಗಷ್ಟೇ ಪರಿಚಯವಾದ ಸಹೋದ್ಯೋಗಿಯೊಬ್ಬಳು ಮೇಜು ತಟ್ಟುತ್ತಾ ನಮ್ಮಿಬ್ಬರನ್ನೂ ನೋಡಿ ಕೇಳಿದಳು: “ನೀವು ಮತ್ತು ಸರ್ ಕಾಲೇಜಿನಲ್ಲಿ ಒಂದೇ ಬ್ಯಾಚಾ?”

“ಛೆ, ಇಲ್ಲಪ್ಪ,” ಎಂದರು ಮ್ಯಾನೇಜರ್, ತುತ್ತನ್ನು ಕೆಳಗಿಟ್ಟು. “ಇವರು ನನ್ನ ಸೀನಿಯರ್.”

ಎಲ್ಲರೂ ನನ್ನತ್ತ ತಿರುಗಿದರು. ನಾನು ಪ್ರೊಬೇಷನ್‌ನಲ್ಲಿದ್ದೆ.

“ಹೌದು,” ಎಂದೆ. “ಎರಡು ವರ್ಷ ಸೀನಿಯರ್.”