ಒಂದು ಎನ್ ಕಡಿಮೆ

ರಾಮದುರ್ಗದ ಆ ಓಣಿಯಲ್ಲಿ ಈ-ಮೇಲ್ ವಿಳಾಸ ಇದ್ದವನು ಕಾಂತೇಶ ಒಬ್ಬನೇ. ಅದು ಎರಡು ಸಾವಿರದ ಎರಡನೆಯ ಇಸವಿ. ಸೊಸೈಟಿಯಲ್ಲಿ ಕಾರಕೂನನಾಗಿದ್ದ ಅವನಿಗೆ ಮೂವತ್ತನಾಲ್ಕು ತುಂಬಿತ್ತು, ಲಗ್ನವಾಗಿರಲಿಲ್ಲ. ಬಸ್ ನಿಲ್ದಾಣದ ಎದುರು ಉಳವಪ್ಪ ಇಂಟರ್‌ನೆಟ್ ಸೆಂಟರ್ ತೆಗೆದ ವಾರವೇ ಕಾಂತೇಶ ಹೋಗಿ ವಿಳಾಸ ಮಾಡಿಸಿಕೊಂಡ. ಬ್ರೆಜಿಲ್ ದೇಶದವಳು ಎಂದು ಹೇಳಿಕೊಂಡ ಒಬ್ಬಳ ಜೊತೆ ಮೂರು ದಿನ ಚಾಟ್ ಮಾಡಿದ. ನಾಲ್ಕನೆಯ ದಿನ ಅವಳು ಊರು ಯಾವುದೆಂದು ಕೇಳಿದಳು. ಇವನು ರಾಮದುರ್ಗ, ಮಲಪ್ರಭಾ ದಂಡೆ, ಬೆಳಗಾವಿ ಜಿಲ್ಲೆ ಎಂದು ಪೂರ್ತಿಯಾಗಿ ಬರೆದ. ಐದನೆಯ ದಿನದಿಂದ ಅವಳು ಕಾಣಲಿಲ್ಲ.

ವಿಳಾಸ ಮಾತ್ರ ಓಣಿಯ ಪಾಲಾಯಿತು. ಮೊದಲು ಒಬ್ಬರ ಮನೆಯ ಫೋನು ಹತ್ತು ಮನೆಗೆ ಪಿಪಿ ನಂಬರ್ ಆಗುತ್ತಿತ್ತಲ್ಲ, ಹಾಗೆ ಕಾಂತೇಶನ ಈ-ಮೇಲ್ ಎಲ್ಲರಿಗೂ ಪಿಪಿ ಆಯಿತು. ಗೋವಾದಲ್ಲಿದ್ದವರು, ಪುಣೆಯಲ್ಲಿದ್ದವರು ಇವನಿಗೆ ಬರೆಯುತ್ತಿದ್ದರು. ಇವನು ಓದಿ ಬಂದು ಮನೆಮನೆಗೆ ವರದಿ ಒಪ್ಪಿಸುತ್ತಿದ್ದ.

ಆಗ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಿಸುವುದು ಸಾಮಾನ್ಯರ ಕೈಲಿ ಆಗುತ್ತಿರಲಿಲ್ಲ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕಳಿಸುವರು, ಓದುವವನು ಊಹಿಸಿಕೊಳ್ಳುವನು. ಎದುರು ಮನೆಯ ಶೆಟ್ಟೆವ್ವನ ಅಳಿಯ ಪುಣೆಯಿಂದ ‘ಹಲ್ಲು ಕೆಟ್ಟಿದೆ’ ಎಂದು ಬರೆದದ್ದನ್ನು ಕಾಂತೇಶ ‘ಹಾಲು ಕೆಟ್ಟಿದೆ’ ಎಂದು ಓದಿದ್ದ. ಶೆಟ್ಟೆವ್ವ ಕೂಡಲೇ ಗೌಳಿಯನ್ನು ಬದಲಿಸುವಂತೆ ಮಗಳಿಗೆ ಹೇಳಿ ಕಳಿಸಿದ್ದಳು.

ಆ ರವಿವಾರ ಮುಂಜಾನೆ ಹತ್ತಕ್ಕೆ ಕಾಂತೇಶ ಸೆಂಟರಿಗೆ ಹೋದ. ಫೋನಿನ ತಂತಿಯೊಳಗೆ ಬೆಕ್ಕುಗಳು ಜಗಳಾಡಿದಂತೆ ಸದ್ದಾಗಿ, ಹತ್ತು ನಿಮಿಷಕ್ಕೆ ಈ-ಮೇಲ್ ಪೆಟ್ಟಿಗೆ ತೆರೆಯಿತು. ಬೈಲಹೊಂಗಲದಿಂದ ಒಂದು ಪತ್ರ ಬಂದಿತ್ತು. ಕಳಿಸಿದವರದು ಯಾವುದೋ ಕಂಪ್ಯೂಟರ್ ಕ್ಲಾಸಿನ ವಿಳಾಸ. ಕಾಂತೇಶ ಒಂದೊಂದೇ ಅಕ್ಷರ ಕೂಡಿಸಿ ಓದಿದ.

‘ಭರಮಪ್ಪ ಮಾಮಾರ ಮಾತು ಮುಗೀತು. ಇವತ್ತ ನಾಲ್ಕಕ್ಕ ಹೆಣ ಕರಕೊಂಡು ಟೆಂಪೊದಾಗ ಬರತೇವಿ. ಇಪ್ಪತ್ತು ಮಂದಿ ಅದೇವಿ. ಹೂವು, ಕಾಯಿ ನಾವೇ ತರತೇವಿ. ಸಾವಿತ್ರೆವ್ವಾರಿಗಿ ಸಮಾಧಾನದಿಂದ ಹೇಳ್ರಿ.’

ಕೆಳಗೆ ಇನ್ನೂ ನಾಲ್ಕೈದು ಸಾಲು ಇದ್ದವು. ಅವು ತೆರೆಯ ಮೇಲೆ ಏರುವ ಮೊದಲೇ ಕರೆಂಟು ಹೋಯಿತು.

“ಉಳವಪ್ಪಾ! ನನ್ನ ಪತ್ರಾ!”

“ಇನ್ನ ಸಂಜಿ ಐದಕ್ಕ ರಿ ಸಾಹೇಬ್ರ,” ಎಂದು ಉಳವಪ್ಪ ಬೀಸಣಿಗೆ ಕೈಗೆತ್ತಿಕೊಂಡ.

ಭರಮಪ್ಪ ಎಂದರೆ ಕಾಂತೇಶನ ಸೋದರಮಾವ, ತಾಯಿ ಸಾವಿತ್ರೆವ್ವನ ಅಣ್ಣ. ಹತ್ತಿ ವ್ಯಾಪಾರಕ್ಕೆಂದು ಬೈಲಹೊಂಗಲ ಸೇರಿ ನಲವತ್ತು ವರ್ಷವಾಗಿತ್ತು. ಹೋದ ವಾರವಷ್ಟೇ ದಮ್ಮು ಹೆಚ್ಚಾಗಿ ದವಾಖಾನೆ ಸೇರಿದ್ದ ಸುದ್ದಿ ಬಂದಿತ್ತು. ‘ನನ್ನ ಮಣ್ಣು ಹುಟ್ಟಿದೂರಾಗ ಆಗಬೇಕು’ ಎಂದು ಅವನು ಬಂದಾಗಲೆಲ್ಲ ಹೇಳುತ್ತಿದ್ದ. ಹೆಣವನ್ನು ಯಾರಾದರೂ ಕರೆದುಕೊಂಡು ಬರುತ್ತಾರೆಯೇ ಎಂದು ಕಾಂತೇಶನಿಗೆ ಒಂದು ಕ್ಷಣ ಅನಿಸಿತು. ಹಿರಿಯರ ಹೆಣವಲ್ಲವೇ, ಮರ್ಯಾದೆಗೆ ಹಾಗೆ ಬರೆದಿರಬೇಕು ಎಂದುಕೊಂಡ.

ಆದರೂ ಪಕ್ಕದ ಎಸ್‌ಟಿಡಿ ಬೂತಿಗೆ ಹೋಗಿ ಮಾವನ ಮನೆಗೆ ಫೋನ್ ಹಚ್ಚಿದ. ನಾಲ್ಕು ಸಲ ಹಚ್ಚಿದ. ಗಂಟೆ ಬಾರಿಸಿತೇ ಹೊರತು ಯಾರೂ ಎತ್ತಲಿಲ್ಲ. ಮಂದಿ ತುಂಬಿದ ಮನೆಯಲ್ಲಿ ಫೋನ್ ಎತ್ತುವವರಿಲ್ಲ ಎಂದರೆ ಇನ್ನೇನು ಅರ್ಥ?

ತಾಯಿಗೆ ಸಮಾಧಾನದಿಂದ ಹೇಳಬೇಕೆಂದು ಅವನು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದ. ಓಣಿಯ ಬಾಯಲ್ಲೇ ಶೆಟ್ಟೆವ್ವ ಸಿಕ್ಕಳು.

“ಯಾಕೋ ಕಾಂತೇಶಾ, ಮಾರಿ ಹುರಿದ ಬದನಿಕಾಯಿ ಆಗೇತಿ?”

“ದೊಡ್ಡವ್ವಾ, ಯಾರ ಮುಂದೂ ಹೇಳಬ್ಯಾಡ. ಭರಮಪ್ಪ ಮಾಮಾ ಹೋದ. ನಾಲ್ಕಕ್ಕ ಇಲ್ಲಿಗೇ ತರತಾರಂತ.”

ಯಾರ ಮುಂದೂ ಹೇಳಬೇಡ ಎಂದದ್ದು ಶೆಟ್ಟೆವ್ವನ ಕಿವಿಗೆ ಬೀಳಲಿಲ್ಲ. ಅವಳು ಅಲ್ಲೇ ಸೆರಗು ಬಾಯಿಗೆ ಹಚ್ಚಿಕೊಂಡು “ಯಪ್ಪಾ ಭರಮಪ್ಪಾ...” ಎಂದು ಎತ್ತಿದ ದನಿ ಕಾಂತೇಶನಿಗಿಂತ ಮೊದಲು ಅವನ ಮನೆ ಮುಟ್ಟಿತು. ಕಾಂತೇಶ ಹೊಸಿಲು ದಾಟುವಾಗ ಸಾವಿತ್ರೆವ್ವ ಮೊಣಕಾಲು ನೋವನ್ನೂ ಮರೆತು ನೆಲಕ್ಕೆ ಕುಸಿದು, “ನನ್ನ ತವರಿನ ಬಾಗಲಾ ಮುಚ್ಚಿತಲ್ಲೋ ಅಣ್ಣಾ,” ಎಂದು ಅಳತೊಡಗಿದ್ದಳು.

ಮುಂದೆ ಕಾಂತೇಶನಿಗೆ ಅಳಲು ಪುರಸೊತ್ತೇ ಸಿಗಲಿಲ್ಲ. ಓಣಿಯ ಹಿರಿಯರಾದ ಗಂಗಯ್ಯನವರು ಕಟ್ಟೆಯ ಮೇಲೆ ಕುಳಿತು ಅವನನ್ನು ಬುಗುರಿಯಂತೆ ತಿರುಗಿಸಿದರು.

“ತಮ್ಮಾ, ಬಿದಿರು ತಾ. ಹೆಣಾ ಹೊರಾಕ ವಿಮಾನ ಕಟ್ಟಬೇಕು. ಕುಣಿ ತೋಡೋರಿಗಿ ಹೇಳು. ಭಜನಿಯವರನ್ನ ಕರಿ. ವಿಭೂತಿ ಐತೇನು? ಹೆಣಾ ಕೂಡ್ರಸಾಕ ಕಟ್ಟಿ ತೊಳಿಸು.”

ಶೆಟ್ಟೆವ್ವ ಮನೆಮನೆ ಹೊಕ್ಕು ಒಲೆ ಆರಿಸಿದಳು. ಓಣಿಯೊಳಗೆ ಸಾವು ಇಟ್ಟುಕೊಂಡು ಯಾರಾದರೂ ಅಡುಗೆ ಮಾಡುತ್ತಾರೆಯೇ? ಬೇಯುತ್ತಿದ್ದ ಬೇಳೆ ಅರ್ಧಕ್ಕೆ ನಿಂತಿತು.

ಮಾವನ ಒಂಟಿ ಫೋಟೊ ಮನೆಯಲ್ಲಿರಲಿಲ್ಲ. ಯಾರದೋ ಲಗ್ನದ ಗುಂಪಿನ ಫೋಟೊದಲ್ಲಿ ಅವನು ಬಾಯಿ ತೆರೆದು ಬುಂದಿ ಉಂಡಿ ಇಟ್ಟುಕೊಳ್ಳುತ್ತಿದ್ದ. ಕಾಂತೇಶ ಅಕ್ಕಪಕ್ಕದವರನ್ನು ಕತ್ತರಿಸಿ ತೆಗೆದು, ಉಳಿದ ಮಾವನಿಗೆ ಕಟ್ಟು ಹಾಕಿ, ಸೇವಂತಿಗೆ ಮಾಲೆ ಏರಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ.

ವಿಮಾನ ಕಟ್ಟಲು ಇನ್ನೆರಡು ಕೈ ಬೇಕಿತ್ತು. ಕಾಂತೇಶ ಹಿಂದಿನ ಸಂದಿಯಲ್ಲಿದ್ದ ಗೆಳೆಯ ಸುಭಾಸನ ಬಾಗಿಲು ಬಡಿದ. ಸುಭಾಸನದು ಮೋಟರ್ ರಿವೈಂಡಿಂಗ್ ಅಂಗಡಿ. ಇವನಿಗಿಂತ ಎರಡು ವರ್ಷ ಸಣ್ಣವ, ಅವನದೂ ಲಗ್ನವಾಗಿರಲಿಲ್ಲ. ಒಳಗೆ ಕತ್ತಲಲ್ಲಿ ಮಲಗಿದ್ದ ಅವನು “ಇವತ್ತ ಬ್ಯಾಡೋ ದೋಸ್ತ, ನನಗ...” ಎಂದು ಏನೋ ಹೇಳಹೋದ.

“ನಮ್ಮ ಮಾಮಾ ಸತ್ತಾನ, ನೀ ಹಾಸಿಗ್ಯಾಗ ಬಿದ್ದೀಯಲ್ಲೋ!” ಎಂದು ಕಾಂತೇಶ ಅವನ ಮಾತು ಮುಗಿಯಗೊಡದೆ ಕೈ ಹಿಡಿದು ಎಳೆದು ತಂದ.

ಸುಭಾಸ ಬಂದು ಕಟ್ಟೆಯ ಮೂಲೆಯಲ್ಲಿ ಕುಳಿತ. ಬಿದಿರು ಹಿಡಿದ ಅವನ ಕಣ್ಣಿಂದ ಬಳಬಳ ನೀರು ಇಳಿಯತೊಡಗಿತು. ಟವೆಲಿನಿಂದ ಒರೆಸಿದಷ್ಟೂ ಬಂತು. ನೋಡಿದ ಹೆಂಗಸರು ತಮ್ಮ ದನಿ ಇನ್ನೊಂದು ಪಟ್ಟು ಏರಿಸಿದರು.

ನಾಲ್ಕೂಕಾಲಿಗೆ ಟೆಂಪೊ ಓಣಿಯ ಬಾಯಿಗೆ ಬಂದು ನಿಂತಿತು. ಡೋಲಿಗೆ ಪೆಟ್ಟು ಬಿತ್ತು. ತಾಳ ಮೊಳಗಿದವು. ಶೆಟ್ಟೆವ್ವ ಎಲ್ಲರಿಗಿಂತ ಮುಂದೆ ಓಡಿ, ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು.

“ಹೊಂಗಲದ ಹತ್ತಿ ಪ್ಯಾಟಿಗೆ ರಾಜಾ ಇದ್ದ್ಯಲ್ಲೋ ಭರಮಪ್ಪಾ... ಕೈಯೆತ್ತಿ ಕೊಟ್ಟಂಥಾ ಧರ್ಮರಾಜಾ ಇದ್ದ್ಯಲ್ಲೋ ಭರಮಪ್ಪಾ...”

ಟೆಂಪೊದ ಮುಂದಿನ ಬಾಗಿಲು ತೆರೆಯಿತು. ತಲೆಗೆ ಕೇಸರಿ ಬಣ್ಣದ ಪಟಕ ಸುತ್ತಿಕೊಂಡ ಭರಮಪ್ಪ ಕೆಳಗಿಳಿದ.

ಡೋಲು ನಿಂತಿತು. ಶೆಟ್ಟೆವ್ವನ ಬಾಯಿ ತೆರೆದಲ್ಲೇ ಉಳಿಯಿತು.

“ಯಾಕ ನಿಲ್ಲಿಸಿದಿ ಶೆಟ್ಟೆವ್ವಾ? ಛಲೋ ಹೇಳಾಕ ಹತ್ತಿದ್ದಿ. ಮುಂದ ಹೇಳು,” ಎಂದ ಭರಮಪ್ಪ. ಆಮೇಲೆ ಅವನ ಕಣ್ಣು ಹೂವಿನ ವಿಮಾನದ ಮೇಲೆ ಬಿತ್ತು, ವಿಭೂತಿ ಗಟ್ಟಿಯ ಮೇಲೆ ಬಿತ್ತು, ತೆರೆದ ಬಾಗಿಲಿನಿಂದ ಪಡಸಾಲೆಯ ಗೋಡೆಯ ಮೇಲೂ ಬಿತ್ತು. ಅಲ್ಲಿ ಅವನೇ ಮಾಲೆ ಹಾಕಿಕೊಂಡು ಬುಂದಿ ಉಂಡಿ ತಿನ್ನುತ್ತಿದ್ದ.

“ಲೇ ಕಾಂತ್ಯಾ!”

ಕಾಂತೇಶ ಕೈಯಲ್ಲಿ ಊದಿನಕಡ್ಡಿ ಹಿಡಿದು ನಿಂತಿದ್ದ. “ಮಾಮಾ... ಹೆಣಾ ಎಲ್ಲಿ?”

“ಯಾವ ಹೆಣಾನೋ ಮಂಗ್ಯಾ? ಹೆಣ್ಣು! ನಿನಗ ಹೆಣ್ಣು ತೋರಸಾಕ ಕರಕೊಂಡು ಬಂದೇನಿ! ದಮ್ಮು ಇಳಿದ ಕೂಡ್ಲೆ ಮನಿ ಮಂದೀನೆಲ್ಲಾ ಕಟಗೊಂಡು ಹೆಣ್ಣಿನವರ ಮನಿಗಿ ಹೋಗಿ ಮಾತು ಮುಗಿಸೇನಿ. ನಿಮ್ಮವ್ವಗ ಮೊಣಕಾಲ ನೋವು, ಬಸ್ಸು ಹತ್ತಾಕ ಆಗೂದಿಲ್ಲಂತ ಇಲ್ಲಿಗೇ ಕರಕೊಂಡು ಬಂದ್ರ, ನನಗ ಕುಣಿ ತೋಡಿಸಿಯೇನೋ?”

“ತೋಡೂದು ಮುಗದೈತ್ರಿ,” ಎಂದು ಗಂಗಯ್ಯನವರು ಪ್ರಾಮಾಣಿಕವಾಗಿ ತಿಳಿಸಿದರು.

ಟೆಂಪೊದೊಳಗಿಂದ ಯಾರೋ ಕಿಲಕಿಲ ನಕ್ಕರು. ಹಸಿರು ರೇಷ್ಮೆ ಸೀರೆಯ ಹುಡುಗಿ ನಗು ತಡೆಯಲಾಗದೆ ಸೆರಗು ಒತ್ತಿಕೊಂಡು ಕೆಳಗಿಳಿದಳು. ಹೆಸರು ಸಪ್ನಾ. ಬೈಲಹೊಂಗಲದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು.

“ತಪ್ಪು ನಂದ್ರಿ. ನಾನೇ ಟೈಪ್ ಮಾಡಿದ್ದು. ಗಡಿಬಿಡ್ಯಾಗ ‘ಹೆಣ್ಣ’ ಅನ್ನೂದ್ರಾಗ ಒಂದು ಎನ್ ಕಡಿಮಿ ಬಿದ್ದೈತಿ. ಕೆಳಗ ನನ್ನ ಹೆಸರು, ಕಲಿತದ್ದು ಎಲ್ಲಾ ಬರದಿದ್ನೆಲ್ರಿ?”

“ಕರೆಂಟ್ ಹೋತ್ರಿ,” ಎಂದ ಕಾಂತೇಶ.

“ನಮ್ಮೂರಾಗೂ ಹಂಗೇ ರಿ. ಪಾಸ್‌ವರ್ಡ್ ಹೊಡಿಯೂದು ಮುಗಿಯೂದ್ರಾಗ ಹೋಗಿರತೈತಿ,” ಎಂದು ಅವಳು ಮತ್ತೆ ನಕ್ಕಳು.

ಕಾಂತೇಶನಿಗೆ ಓಣಿಯೆಲ್ಲ ಹಗುರವಾಗಿ ತೇಲಿದಂತಾಯಿತು. ಬ್ರೆಜಿಲ್ ಯಾಕೆ ಬೇಕು, ಬೈಲಹೊಂಗಲ ಇರುವಾಗ! ತಾಯಿ ಅತ್ತ ಕಣ್ಣು ಒರೆಸಿಕೊಂಡು ಜಮಖಾನೆ ಹಾಸಿದಳು. ಒಲೆಗಳೆಲ್ಲ ಆರಿದ್ದರಿಂದ ಚಹಾ ಇರಲಿಲ್ಲ, ತಣ್ಣೀರು ಕೊಟ್ಟಳು. ಹುಡುಗಿಯ ತಂದೆ ಶಂಕರೆಪ್ಪ ಬಿಗುವಾಗಿ ಕುಳಿತಿದ್ದರೂ, ಮಗಳ ಮುಖದ ನಗು ನೋಡಿ ಸ್ವಲ್ಪ ಸಡಿಲವಾದ.

ಸಡಿಲವಾಗದವನು ಭರಮಪ್ಪ ಒಬ್ಬನೇ. ತನ್ನ ಫೋಟೊದ ಕೆಳಗೇ ಲೋಡಿಗೆ ಒರಗಿ ಕುಳಿತು ಒಬ್ಬೊಬ್ಬರ ಮುಖ ಪರೀಕ್ಷಿಸುತ್ತಿದ್ದ. ನೋಡುತ್ತಾ ನೋಡುತ್ತಾ ಅವನ ದೃಷ್ಟಿ ಕಟ್ಟೆಯ ಮೂಲೆಗೆ ಹೋಯಿತು. ಅಲ್ಲಿ ಸುಭಾಸ ಇನ್ನೂ ಕಣ್ಣೀರು ಒರೆಸುತ್ತಲೇ ಇದ್ದ.

“ಯಾರವಾ ಆ ಹುಡುಗಾ? ನಾ ಬದಕೇನಿ ಅಂತ ಗೊತ್ತಾದ ಮ್ಯಾಲೂ ಅಳಾಕ ಹತ್ಯಾನಲ್ಲ!”

“ಸುಭಾಸ ರಿ,” ಎಂದಳು ಶೆಟ್ಟೆವ್ವ. “ಮುಂಜಾನಿಂದ ಒಂದ ಸಮನ ಅಳಾಕ ಹತ್ಯಾನ. ಕೂಳೂ ಉಂಡಿಲ್ಲ.”

“ತಮ್ಮಾ, ಇಲ್ಲಿ ಬಾರಪಾ. ನಾ ನಿನಗ ಏನಾಗಬೇಕು?”

ಸುಭಾಸ ಟವೆಲ್ ಕೆಳಗಿಳಿಸಿದ. “ಏನೂ ಇಲ್ರಿ ಮಾಮಾ. ಅವು ಹಂಗೇ ಬರತಾವ್ರಿ,” ಎನ್ನುವಷ್ಟರಲ್ಲಿ ಮತ್ತೆ ಧಾರೆ ಇಳಿಯಿತು.

ಭರಮಪ್ಪ ಹುಡುಗಿಯ ತಂದೆಯ ಕಡೆ ತಿರುಗಿದ. “ನೋಡ್ರಿ ಶಂಕರೆಪ್ಪಾ. ಏನೂ ಸಂಬಂಧಿಲ್ಲದ ಹುಡುಗಾ ನನ್ನ ಸಲುವಾಗಿ ಕಣ್ಣು ಕೆಂಪ ಮಾಡಿಕೊಂಡು ಕುಂತಾನ. ಸ್ವಂತ ಅಳಿಯಾ ನೋಡ್ರಿ, ಕಣ್ಣು ಒಣಾ ಒಣಾ! ಬಿದಿರು ಎಣಿಸಾಕ ಹತ್ತಿದ್ದ! ಇಂಥವಗ ನಾ ಹೆಂಗ ಹೆಣ್ಣು ಕೊಡಸಲಿ? ಈ ಮಾತು ಇಲ್ಲಿಗೇ ಬಿಟ್ಟುಬಿಡ್ರಿ.”

“ಮಾಮಾ, ನನಗ ಅಳಾಕ ಟೈಮ್ ಎಲ್ಲಿತ್ತು?” ಎಂದು ಕಾಂತೇಶ ಒದ್ದಾಡಿದ. ಆದರೆ ಶಂಕರೆಪ್ಪ ಆಗಲೇ ಸುಭಾಸನ ಕುಲ, ಕಸುಬು, ಹೊಲ ಎಲ್ಲ ಗಂಗಯ್ಯನವರ ಬಾಯಿಂದ ಕೇಳಿಕೊಳ್ಳುತ್ತಿದ್ದ. ಕುಲ ಒಂದೇ. ಅಂಗಡಿ ಸ್ವಂತದ್ದು.

ಸಪ್ನಾಳನ್ನು ತಂದೆ ಪಕ್ಕಕ್ಕೆ ಕರೆದು ಕೇಳಿದ. ಅವಳು ಮೊದಲು ಕಾಂತೇಶನ ಕಡೆ ನೋಡಿದಳು. ಆಮೇಲೆ ಸುಭಾಸನ ಕಡೆ ನೋಡಿದಳು, ಸ್ವಲ್ಪ ಹೆಚ್ಚು ಹೊತ್ತು.

“ಇಷ್ಟು ಮೆತ್ತಗಿನ ಮನಸ್ಸಿನವರು ಈಗ ಎಲ್ಲಿ ಸಿಗತಾರಪಾ,” ಎಂದಳು.

ಆರು ಗಂಟೆಗೆ ಸುಭಾಸ, ಸಪ್ನಾರ ಸಂಬಂಧ ಗಟ್ಟಿಯಾಯಿತೆಂದು ಸಕ್ಕರೆ ಹಂಚಿದರು. ಸಕ್ಕರೆಯೂ ಕಾಂತೇಶನ ಮನೆಯದೇ. ಹೂವು, ಕಾಯಿ ಅವರೇ ತಂದಿದ್ದರು. ಕರೆಸಿದ ಡೋಲು ವ್ಯರ್ಥವಾಗಬಾರದೆಂದು ಭಜನೆಯವರು ಅದನ್ನೇ ಬಾರಿಸಿದರು. ಟೆಂಪೊ ಹೊರಟಿತು. ಭರಮಪ್ಪ ಮಾತ್ರ ತಂಗಿಯ ಒತ್ತಾಯಕ್ಕೆ ಎರಡು ರಾತ್ರಿ ಅಲ್ಲೇ ಉಳಿದ.

ಮಂದಿ ಕರಗಿದ ಮೇಲೆ ಸುಭಾಸ ಬಂದು ಕಟ್ಟೆಯ ಮೇಲೆ ಕಾಂತೇಶನ ಪಕ್ಕದಲ್ಲಿ ಕುಳಿತ. ಅವನ ಎರಡೂ ಕೈ ಹಿಡಿದುಕೊಂಡ.

“ಸಿಟ್ಟಾಗಬ್ಯಾಡೋ ದೋಸ್ತ. ಖರೇ ಹೇಳತೇನಿ. ನಾ ಅತ್ತಿಲ್ಲ. ಎರಡು ದಿನಾ ಆತು, ನನಗ ಕಣ್ಣು ಬಂದಾವ. ಡಾಕ್ಟರ್ ಇದು ಅಂಟು ಬ್ಯಾನಿ, ಕತ್ತಲದಾಗ ಮಲಗು, ಯಾರನ್ನೂ ಮುಟ್ಟಬ್ಯಾಡ ಅಂದಿದ್ದ. ಮುಂಜಾನಿ ನಿನಗ ಅದನ್ನೇ ಹೇಳಾಕ ಹೋದ್ನಿ, ನೀ ಕೇಳಲಿಲ್ಲ, ಎಳಕೊಂಡು ಬಂದಿ.”

“ಹಂಗಾರ ಮಾಮಾನ ಮುಂದ ಯಾಕ ಹೇಳಲಿಲ್ಲೋ?”

“ಹೇಳೋಣಂತಿದ್ನಿ,” ಎಂದು ಸುಭಾಸ ನಾಚಿ ತಲೆ ತಗ್ಗಿಸಿದ. “ಅಷ್ಟರಾಗ ಆಕಿ ನೋಡಿದಳೋ.”

ಅವನ ಕಣ್ಣಲ್ಲಿ ಮತ್ತೆ ನೀರು ಬಂತು. ಕೈಯಿಂದ ಒರೆಸಿಕೊಂಡು, ಅದೇ ಕೈಯಿಂದ ಗೆಳೆಯನ ಕೆನ್ನೆ ತಟ್ಟಿ, ಬಿಗಿಯಾಗಿ ಅಪ್ಪಿಕೊಂಡು ಹೋದ.

ಮಂಗಳವಾರ ಮುಂಜಾನೆ ಕಾಂತೇಶನಿಗೆ ರೆಪ್ಪೆ ಬಿಡಿಸಲಾಗಲಿಲ್ಲ. ಬಿಸಿನೀರು ಹಚ್ಚಿ ಬಿಡಿಸಿದರೆ ಕಣ್ಣು ಕೆಂಡವಾಗಿದ್ದವು, ನಲ್ಲಿ ಬಿಟ್ಟಂತೆ ನೀರು ಸುರಿಯುತ್ತಿತ್ತು. ತಡಕಾಡುತ್ತಾ ಹೊರಗೆ ಬಂದವನನ್ನು ನೋಡಿ ಶೆಟ್ಟೆವ್ವ ಕೈಯಲ್ಲಿದ್ದ ಕಸಬರಿಗೆ ಬಿಟ್ಟು ಓಡಿ ಬಂದಳು.

“ಅಳಬ್ಯಾಡೋ ನನ್ನಪ್ಪಾ. ಆಕಿ ಅಲ್ಲದಿದ್ರ ಇನ್ನೊಬ್ಬಾಕಿ.”

“ಅಳಾಕ ಹತ್ತಿಲ್ಲ ದೊಡ್ಡವ್ವಾ! ಕಣ್ಣು ಬಂದಾವ!”

“ಬರತಾವಪ್ಪಾ, ಬರಲಾರದ ಏನು ಮಾಡ್ಯಾವು? ಮನಸಿಗಿ ಹತ್ತೈತಿ.”

ಅಷ್ಟರಲ್ಲಿ ಬೈಲಹೊಂಗಲದ ಬಸ್ಸಿಗೆಂದು ಚೀಲ ಹಿಡಿದು ಹೊರಬಂದ ಭರಮಪ್ಪ ಹೊಸಿಲಲ್ಲೇ ನಿಂತ. ಅಳಿಯನ ಕೆನ್ನೆಯ ಮೇಲಿಳಿಯುವ ನೀರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದ.

“ನೋಡ್ರಿ, ಎಲ್ಲಾರೂ ಬಂದು ನೋಡ್ರಿ! ನಾ ಸತ್ತಾಗ ಒಂದು ಹನಿ ಬರಲಿಲ್ಲ ಈ ಮಗಗ. ಹೆಣ್ಣು ಕೈ ತಪ್ಪಿದ್ದಕ್ಕ ಹೆಂಗ ಅಳಾಕ ಹತ್ಯಾನ!”